ನಂದಿಕೋಲಿನ ಬಿದಿರು

ಹೊನ್ನವಳ್ಳಿಯ ಸುತ್ತಣ ತೆಂಗಿನ ಸೀಮೆಯಲ್ಲಿ ಜಾತ್ರೆಯ ರಥದ ಮುಂದೆ ನಡೆಯುವ ನಂದಿಕೋಲಿನ ಕುಣಿತವನ್ನು ಕುರಿತು ಬರೆಯುವವರು ಕೋಲು ಹೊತ್ತವನ ಬಾಹುಬಲವನ್ನೂ, ಕರಡೆಯ ಗತಿಯನ್ನೂ, ಬಿಸಿಲಿಗೆ ಝಗಝಗಿಸುವ ಹಿತ್ತಾಳೆಯ ತಗಡು ಕಳಶಗಳನ್ನೂ ಮನವಾರೆ ವರ್ಣಿಸುವರಲ್ಲದೆ, ಆ ವೈಭವವನ್ನೆಲ್ಲ ತಾಳಿ ನಿಲ್ಲುವ ಬಿದಿರು ಯಾವ ಕಾಡಿನದು, ಅದನ್ನು ಕೊಟ್ಟ ಮೆಳೆಯ ಗತಿ ಏನಾಯಿತು ಎಂದು ವಿಚಾರಿಸುವವರು ವಿರಳ. ಕಲೆಯೊಂದನ್ನು ತೂಗಿ ನೋಡುವಾಗ ಅದು ಪ್ರಕೃತಿಯಿಂದ ಪಡೆದುದನ್ನೂ ತಕ್ಕಡಿಗೆ ಹಾಕಬೇಕೆಂಬುದು ನನ್ನ ದೃಢವಾದ ಮತ.

ಒಳ್ಳೆಯ ಕೋಲಿಗೆ ಎಳೆಯ ಬಿದಿರು ಸಲ್ಲದು. ಕಳಲೆಯು ಒಂದೇ ಮಳೆಗಾಲದಲ್ಲಿ ತನ್ನ ಪೂರ್ಣ ಎತ್ತರಕ್ಕೆ ಏರಿಬಿಡುವುದಾದರೂ ಅದರ ಮೈ ಬಲಿಯಲು ಮೂರು ನಾಲ್ಕು ವರ್ಷಗಳು ಬೇಕು; ಅಂತಹ ಬಲಿತ ಗಳವನ್ನು, ಗೆಣ್ಣುಗಳ ಅಂತರವನ್ನೂ ನೆಟ್ಟಗಿರುವುದನ್ನೂ ಕಂಡು, ಮಳೆ ನಿಂತ ಮೇಲೆ ನೆಲದಿಂದ ಒಂದೆರಡು ಗೆಣ್ಣು ಬಿಟ್ಟು ಕಡಿದು, ನೆರಳಿನಲ್ಲಿ ಒಣಗಿಸಿ, ಡೊಂಕನ್ನು ಬೆಂಕಿಯ ಕಾವಿನಲ್ಲಿ ತಿದ್ದಿದರೆ ಕೋಲು ಬಹುಕಾಲ ಬಾಳುವುದು. ರಸವೇರಿದ ಕಾಲದಲ್ಲಿ ಕಡಿದುದಕ್ಕೆ ಕುಟ್ಟೆ ಬೇಗನೆ ಹಿಡಿಯುವುದು. ಬಲಿತುದನ್ನು ಕಡಿದು ಎಳೆಯದನ್ನು ಉಳಿಸುವುದರಿಂದ ಕಲೆಯ ಹಿತ, ಮೆಳೆಯ ಹಿತ ಇಲ್ಲಿ ಬೇರೆಯಲ್ಲ. ಈ ಸಂಪ್ರದಾಯದ ನಿಜವಾದ ಹಿರಿಮೆಯನ್ನು ನಾನು ಇದರಲ್ಲಿಯೇ ಕಾಣುತ್ತೇನೆ.

ಕಲೆಗೂ ಕಾಡಿಗೂ ಇಂತಹ ನಂಟು ನಮ್ಮಲ್ಲಿ ಮಾತ್ರವಲ್ಲ; ಹವಾಯಿ ದ್ವೀಪಗಳ ಹುಲಾ ನರ್ತಕರೂ ತಮ್ಮ ಲಾಕಾ ದೇವಿಯ ವೇದಿಕೆಗೆಂದು, ಕೊರಳ ಮಾಲೆಗೆಂದು ಕಾಡಿನ ಮೈಲೆ ಬಳ್ಳಿಯನ್ನೂ, ಜರೀಗಿಡವನ್ನೂ, ಓಹಿಯಾ ಮರದ ಕೆಂಪು ಲೆಹುವಾ ಹೂವನ್ನೂ ಪ್ರಾರ್ಥನೆಪೂರ್ವಕವಾಗಿ ತರುವವರು. ಆದರೆ ಓಹಿಯಾ ಮರಗಳನ್ನು ಕ್ಷಿಪ್ರವಾಗಿ ಕೊಲ್ಲುವ ಶಿಲೀಂಧ್ರರೋಗವೊಂದು 2014ರಲ್ಲಿ ಪತ್ತೆಯಾದ ಮೇಲೆ, ಶತಮಾನಗಳಿಂದ ಮುಡಿದ ಆ ಹೂವನ್ನೇ ಅನೇಕ ನೃತ್ಯಶಾಲೆಗಳು ತ್ಯಜಿಸಿದವು. ದೇವತೆಗೆ ಪ್ರಿಯವಾದುದನ್ನು ದೇವತೆಯ ವನಕ್ಕಾಗಿಯೇ ಬಿಟ್ಟುಕೊಟ್ಟ ಆ ನಡೆ ನನ್ನ ಕಣ್ಣಿಗೆ ಅರ್ಚನೆಗಿಂತ ಕಿರಿದಾದುದಲ್ಲ.

ನಮ್ಮ ಬಿದಿರನ್ನು ನಂದಿಕೋಲು ಕೆಡಿಸಲಿಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಉತ್ತರ ಕನ್ನಡದಲ್ಲಿ ಕಾಗದದ ಗಿರಣಿಗಾಗಿ ಮೆಳೆಗಳನ್ನು ಕಡಿಯುತ್ತಿದ್ದಾಗ, ಬುಡದ ಮುಳ್ಳನ್ನು ಸವರಿದರೆ ಬೆಳವಣಿಗೆ ಸುಗಮವಾಗುವುದೆಂದು ಅರಣ್ಯಾಧಿಕಾರಿಗಳು ನಂಬಿದ್ದರು. ಮುಳ್ಳು ಹೋದರೆ ದನಕರು ಕಳಲೆಯನ್ನು ಮೇಯುವುವೆಂದು ಹಳ್ಳಿಗರು ಹೇಳುತ್ತಿದ್ದರು. 1970ರ ದಶಕದಲ್ಲಿ ಪರಿಸರವಿಜ್ಞಾನಿ ಮಾಧವ ಗಾಡ್ಗೀಳರು ಸ್ಥಳದಲ್ಲಿ ನಿಂತು ಪರೀಕ್ಷಿಸಿದಾಗ ಹಳ್ಳಿಗರ ಮಾತೇ ದಿಟವಾಯಿತು. ಅಗ್ಗದ ದರಕ್ಕೆ ಬಿದಿರು ಗಿರಣಿಯ ಪಾಲಾದಾಗ, ಬುಟ್ಟಿ ಹೆಣೆದು ಬಾಳುವ ಮೇದರು ಪೇಟೆಯಲ್ಲಿ ಅದೇ ಬಿದಿರಿಗೆ ಎಷ್ಟೋ ಪಾಲು ಹೆಚ್ಚಿನ ಬೆಲೆ ತೆರಬೇಕಾಯಿತು.

ಆದರೂ ತಪ್ಪು ಗಿರಣಿಯದೆಂದು ಹೇಳಿ ಭಕ್ತರು ನಿಶ್ಚಿಂತರಾಗುವಂತಿಲ್ಲ. ಹಲವು ದಶಕಗಳಿಗೊಮ್ಮೆ ಮೆಳೆಯೆಲ್ಲ ಹೂತು, ಬಿದಿರಕ್ಕಿ ಉದುರಿಸಿ ಸತ್ತುಹೋಗುವ ಈ ಸಸ್ಯವನ್ನು, ನೆಡದೆಯೇ ಬೇಡುತ್ತಿರುವುದು ನಮ್ಮ ಸಂಪ್ರದಾಯದ ದೊಡ್ಡ ಲೋಪ. ಕಾಡಿನಾಚೆ ಬೆಳೆದ ಬಿದಿರನ್ನು ಕೇಂದ್ರದ ಅರಣ್ಯ ಕಾಯಿದೆಯು ಮರಗಳ ಸಾಲಿನಿಂದ 2017ರಲ್ಲಿ ಕೈಬಿಟ್ಟಿರುವುದು ಇಂತಹ ಕೃಷಿಗೆ ಉತ್ತೇಜನವೀಯಲೆಂದೇ. ತೋಟದ ಬದುವಿನಲ್ಲಿಯೋ ಗುಡಿಯ ಹಿಂದಣ ಜಾಗದಲ್ಲಿಯೋ, ನಂದಿಕೋಲು ಹೊರುವ ಪ್ರತಿಯೊಂದು ಊರಿನವರೂ ಮುಂದಿನ ಮುಂಗಾರಿನಲ್ಲಿ ಒಂದು ಮೆಳೆಯನ್ನಾದರೂ ನೆಟ್ಟು, ಕಳಲೆಗೆ ಮುಳ್ಳಿನ ಬೇಲಿ ಕಟ್ಟಬೇಕೆಂದು ಪ್ರಾರ್ಥಿಸುತ್ತೇನೆ.