ಕಾಡಿನಲ್ಲಿ ಮೊದಲೇ ಬರೆದಿದೆ

ಘಾಟಿಯ ತಿರುವಿನಲ್ಲಿ ಲಾರಿ ಕೆಟ್ಟು ನಿಂತರೆ ಕ್ಲೀನರ್ ಮೊದಲು ಮಾಡುವ ಕೆಲಸ ಯಾವುದು? ಬದಿಯ ಗಿಡದಿಂದ ನಾಲ್ಕು ಕೊಂಬೆ ಮುರಿದು ತಂದು ಲಾರಿಯ ಹಿಂದೆ ಒಂದಷ್ಟು ದೂರದಲ್ಲಿ ರಸ್ತೆಗೆ ಹಾಸುವುದು. ಬಜಗೋಳಿ, ಮಾಳ ದಾಟಿ ಕುದುರೆಮುಖದ ಕಡೆ ಹತ್ತುವ ಬಸ್ಸಿನ ಚಾಲಕ ಆ ಸೊಪ್ಪು ಕಂಡ ಕೂಡಲೇ ಗೇರ್ ಇಳಿಸುತ್ತಾನೆ. ಲೈಸೆನ್ಸ್ ಪರೀಕ್ಷೆಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಆದರೂ ಓದಲು ಬಾರದ ಚಾಲಕನನ್ನು ನಾನು ಕಂಡಿಲ್ಲ. ಈ ವಾರದ ಮಾತು ಇಂಥ ಗುರುತುಗಳದ್ದೇ: ದಾರಿ ತಪ್ಪಿದವರು ಕಾಡಿನಲ್ಲಿ ಏನು ಓದಬೇಕು, ಏನು ಬರೆಯಬೇಕು.

ಅಜೆಕಾರು ಪೇಟೆಯಲ್ಲಿ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಘಟ್ಟದ ಸಾಲು. ಅಂಡಾರು, ಕೆರ್ವಾಶೆ ಕಡೆಯ ಕಾಡು, ಅದರ ಮೇಲೆ ವಾಲಿಕುಂಜ, ಅದರಾಚೆ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಉತ್ತರಕ್ಕೆ ಹೆಬ್ರಿ ದಾಟಿದರೆ ಸೋಮೇಶ್ವರ ಅಭಯಾರಣ್ಯ, ಆಗುಂಬೆ. ಅರಣ್ಯ ಇಲಾಖೆಯ ಅನುಮತಿ, ಜೊತೆಗೊಬ್ಬ ಗೈಡ್ ಇಲ್ಲದೆ ಈ ಕಾಡಿಗೆ ಕಾಲಿಡುವಂತಿಲ್ಲ, ಇಡಲೂಬಾರದು. ಆದರೆ ಗೈಡ್ ಇದ್ದರೂ ಹತ್ತು ನಿಮಿಷದ ಮಂಜು ಸಾಕು. ಮುಂದಿದ್ದ ನಾಲ್ವರು ಮುಂದೆ ಹೋಗಿರುತ್ತಾರೆ, ಶೂ ದಾರ ಕಟ್ಟಲು ಬಗ್ಗಿದವನು ಎದ್ದು ನೋಡಿದರೆ ಮೂರು ಕಾಲುದಾರಿ ಕಾಣುತ್ತವೆ. ಮೊಬೈಲಿನಲ್ಲಿ ಒಂದು ಕಡ್ಡಿಯೂ ಇರುವುದಿಲ್ಲ.

ಆಗ ನೆನಪಾಗುವುದು ಯೂಟ್ಯೂಬಿನ ಪಾಠ. ಕಲ್ಲು ಪೇರಿಸಿ, ಮರದ ತೊಗಟೆ ಕೆತ್ತಿ, ಸೀಟಿ ಊದಿ, ಹಳ್ಳ ಹಿಡಿದು ಕೆಳಗಿಳಿಯಿರಿ ಎನ್ನುತ್ತಾರೆ. ಆ ಪಾಠ ಹೇಳುವವರು ಯಾರೂ ಏನೂ ಬರೆಯದ ಕಾಡಿನಿಂದ ಬಂದವರು. ನಮ್ಮ ಘಟ್ಟದ ತಪ್ಪಲಿನಲ್ಲಿ ಹಾಗಿಲ್ಲ. ಇಲ್ಲಿ ನಮಗಿಂತ ಮೊದಲೇ ಬೇರೆಯವರು ಬರೆದಿಟ್ಟಿದ್ದಾರೆ.

ಕಲ್ಲನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಬೆಟ್ಟದ ದೇವಸ್ಥಾನಕ್ಕೆ ಹೋದವರು ಸ್ವಂತ ಮನೆಯಾಗಲಿ ಎಂದು ಹರಕೆ ಹೊತ್ತು ಕಲ್ಲಿನ ಮೇಲೆ ಕಲ್ಲು ಇಡುತ್ತಾರೆ. ಹಿಮಾಲಯದಲ್ಲಿ ಕಲ್ಲಿನ ರಾಶಿ ಎಂದರೆ ದಾರಿ. ಇಲ್ಲಿ ಅದು ಯಾರದೋ ಹೊಸಮನೆಯ ಕನಸು. ಅದನ್ನು ನಂಬಿ ಹೆಜ್ಜೆ ಹಾಕಿದರೆ ಪ್ರಪಾತದ ಅಂಚಿಗೂ ಹೋಗಬಹುದು. ಇನ್ನು ಮರದ ಬುಡದಲ್ಲಿ ಸಾಲಾಗಿ ನಿಂತ ಕಲ್ಲು, ಅದರ ಮೇಲೆ ಅರಿಶಿನ ಕುಂಕುಮ ಕಂಡರೆ ಅದು ನಾಗಬನವೋ ದೈವದ ಕಲ್ಲೋ ಆಗಿರುತ್ತದೆ. ಅಲ್ಲಿ ಒಂದು ಕಲ್ಲನ್ನೂ ಕದಲಿಸಬೇಡಿ. ಆದರೆ ಓದಿಕೊಳ್ಳಿ: ಪೂಜೆ ಇದೆ ಎಂದರೆ ಪೂಜೆಗೆ ಬರುವ ದಾರಿಯೂ ಇದೆ. ಕುಂಕುಮ ಹೊಸತಾಗಿದ್ದರೆ ಮನೆಗಳು ದೂರವಿಲ್ಲ.

ಮರದ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆ ಕಂಡರೆ ಹಿಗ್ಗಬೇಡಿ. ಅದು ಅರಣ್ಯ ಇಲಾಖೆಯ ಮರ ಎಣಿಕೆಯ ಲೆಕ್ಕ. 41, 42, 43 ಎಂದು ಹಿಂಬಾಲಿಸಿದರೆ 44ನೇ ಮರ ಸಿಗುತ್ತದೆ, ಊರು ಸಿಗುವುದಿಲ್ಲ. ನಿಜಕ್ಕೂ ಹಿಗ್ಗಬೇಕಾದದ್ದು ಸಾಲಿನಲ್ಲಿ ನೆಟ್ಟ ರಬ್ಬರ್ ಮರ ಕಂಡಾಗ. ತೊಗಟೆಯ ಮೇಲೆ ಓರೆ ಗೀರು, ಅದರ ತುದಿಯಲ್ಲಿ ಗೆರಟೆಯೋ ಪ್ಲಾಸ್ಟಿಕ್ ಬಟ್ಟಲೋ, ಒಳಗೆ ಹೆಪ್ಪುಗಟ್ಟದ ಹಾಲು ಇದ್ದರೆ ಟ್ಯಾಪಿಂಗ್‌ನವರು ಈ ಬೆಳಿಗ್ಗೆ ಬಂದು ಹೋಗಿದ್ದಾರೆ. ಕತ್ತಲಾಗುತ್ತಿದ್ದರೆ ಅಲ್ಲೇ ಕೂರುವುದು ಜಾಣತನ. ಬೆಳಗಿನ ಜಾವಕ್ಕೆ ತಲೆಗೆ ಲೈಟು ಕಟ್ಟಿಕೊಂಡು ಯಾರಾದರೂ ಬಂದಾರು.

ಹಳ್ಳ ಹಿಡಿದು ಇಳಿಯಿರಿ ಎಂಬ ಸಲಹೆಯಷ್ಟು ಅಪಾಯದ್ದು ಘಟ್ಟದ ಪಶ್ಚಿಮದ ಮೈಯಲ್ಲಿ ಇನ್ನೊಂದಿಲ್ಲ. ನಮ್ಮ ನದಿಗಳು ಇಳಿಯುವುದಿಲ್ಲ, ಹಾರುತ್ತವೆ. ಸೀತಾ ನದಿ ಆಗುಂಬೆಯ ಹತ್ತಿರ ಬರ್ಕಣದಲ್ಲಿ ಸುಮಾರು 850 ಅಡಿ ಧುಮುಕುತ್ತದೆ. ನೀರಿಗೆ ಅದು ದಾರಿ, ನಮಗಲ್ಲ. ನೀರಿನ ಸದ್ದು ಒಮ್ಮೆಲೇ ಮುಂದಿನಿಂದಲ್ಲ, ಕೆಳಗಿನಿಂದ ಬರತೊಡಗಿದರೆ ಅಲ್ಲಿಗೇ ನಿಲ್ಲಬೇಕು.

ಸೀಟಿಯ ಕಥೆ ಇನ್ನೂ ಸ್ವಾರಸ್ಯ. ಮಳೆಗಾಲದಲ್ಲಿ ಈ ತೋಡುಗಳ ಬದಿಯಲ್ಲಿ ಸಿಳ್ಳಾರ ಹಾಡುತ್ತದೆ; ಪುಸ್ತಕಗಳಲ್ಲಿ ಮಲಬಾರ್ ವಿಸ್ಲಿಂಗ್ ಥ್ರಷ್ ಎಂದಿರುವ ಹಕ್ಕಿ. ಶಾಲೆ ತಪ್ಪಿಸಿದ ಹುಡುಗ ಸಿಳ್ಳೆ ಹಾಕುತ್ತಾ ಅಲೆಯುತ್ತಿದ್ದಾನೆ ಎಂದೇ ಅನಿಸಬೇಕು, ಅಷ್ಟು ಮನುಷ್ಯನ ಧ್ವನಿ. ಹೀಗಿರುವಾಗ ನೀವು ಮನಸ್ಸಿಗೆ ಬಂದಂತೆ ಸಿಳ್ಳೆ ಹೊಡೆದರೆ ಹುಡುಕಲು ಬಂದವರು ‘ಹಕ್ಕಿ’ ಎಂದು ಮುಂದೆ ಹೋಗುತ್ತಾರೆ. ಹಕ್ಕಿಗೆ ಬಾರದ್ದು ಲೆಕ್ಕ. ಆದ್ದರಿಂದ ಸಿಳ್ಳೆಗೆ ಲೆಕ್ಕ ಇರಬೇಕು.

ಆ ಲೆಕ್ಕವನ್ನು 1894ರಲ್ಲೇ ಆಲ್ಪ್ಸ್ ಪರ್ವತಾರೋಹಿಗಳಿಗಾಗಿ ಕ್ಲಿಂಟನ್ ಡೆಂಟ್ ಸೂಚಿಸಿದ್ದ. ಒಂದು ನಿಮಿಷದಲ್ಲಿ ಆರು ಸಲ, ಅಂದರೆ ಹತ್ತು ಸೆಕೆಂಡಿಗೊಮ್ಮೆ. ಆಮೇಲೆ ಒಂದು ನಿಮಿಷ ಮೌನ. ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರರಂತೆ ಉತ್ತರಿಸಬೇಕು. ಸೀಟಿ, ಟಾರ್ಚು, ಕೂ ಹಾಕುವುದು, ಬಟ್ಟಲಿಗೆ ಚಮಚ ಬಡಿಯುವುದು, ಯಾವುದಕ್ಕೂ ಇದೇ ಲೆಕ್ಕ. ಇದರಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಆ ನಡುವಿನ ಮೌನ. ಗಾಬರಿಯಾದವನು ನಿಲ್ಲಿಸದೆ ಕೂಗುತ್ತಾನೆ, ಅವನಿಗೆ ಉತ್ತರ ಕೇಳಿಸುವುದೇ ಇಲ್ಲ. ಒಂದು ತೊಡಕೂ ಇದೆ. ಅಮೆರಿಕದ ಕಡೆ ಮೂರು ಸೀಟಿ ಎಂದರೇ ‘ಕಾಪಾಡಿ’. ಮೂರನ್ನು ಒಬ್ಬ ಕೂಗು ಎಂದೂ ಇನ್ನೊಬ್ಬ ಉತ್ತರ ಎಂದೂ ತಿಳಿದರೆ ಇಬ್ಬರೂ ಕೂತಲ್ಲೇ ಕಾಯುತ್ತಾರೆ. ಅದಕ್ಕೇ ಯಾವ ಲೆಕ್ಕ ಎಂಬುದು ಹೊರಡುವ ಮೊದಲೇ ನಿಷ್ಕರ್ಷೆಯಾಗಬೇಕು.

ಆಕಾಶಕ್ಕೆ ಬರೆಯುವ ಲಿಪಿಯೂ ಒಂದಿದೆ. ವಿಮಾನಯಾನದ ಅಂತರರಾಷ್ಟ್ರೀಯ ನಿಯಮದಲ್ಲಿ ನೆಲದಿಂದ ಮೇಲಕ್ಕೆ ತೋರಿಸಲು ಐದೇ ಚಿಹ್ನೆ. ಇಂಗ್ಲಿಷಿನ ವಿ ಎಂದರೆ ನೆರವು ಬೇಕು, ಎಕ್ಸ್ ಎಂದರೆ ವೈದ್ಯರು ಬೇಕು, ಎನ್ ಇಲ್ಲ, ವೈ ಹೌದು, ಬಾಣ ಎಂದರೆ ಈ ದಿಕ್ಕಿಗೆ ಹೊರಟಿದ್ದೇವೆ. ಒಂದೊಂದೂ ಕನಿಷ್ಠ ಎರಡೂವರೆ ಮೀಟರ್ ಉದ್ದ ಇರಬೇಕು. ಕುದುರೆಮುಖದ ನೆತ್ತಿಯ ಹುಲ್ಲುಗಾವಲಿನಲ್ಲಿ ರೇನ್‌ಕೋಟು, ಪಂಚೆ ಹಾಸಿ ಇದನ್ನು ಬರೆಯಬಹುದು. ಡ್ರೋನ್ ಬಂದರೆ ಕಂಡೀತು. ಕೆಳಗಿನ ಕಾಡಿನಲ್ಲಿ ಬರೆದರೆ ಮರಗಳ ಚಪ್ಪರ ದಾಟಿ ಯಾರಿಗೂ ಕಾಣದು.

ಹಾಗಾದರೆ ಕಾಡಿನೊಳಗೆ ನಮಗೆ ಉಳಿದಿರುವುದು ಯಾವುದು? ಲಾರಿ ಕ್ಲೀನರ್ ಬಳಸುವ ಅದೇ ಸೊಪ್ಪು. ಘಟ್ಟದ ತಪ್ಪಲಿನ ಹಳಬರ ವ್ಯಾಕರಣ ಸರಳ. ಕವಲಿನಲ್ಲಿ ಒಂದು ದಾರಿಗೆ ಕೊಂಬೆ ಅಡ್ಡ ಬಿದ್ದಿದ್ದರೆ ಅತ್ತ ಹೋಗಬಾರದು. ‘ಸೊಪ್ಪು ಅಡ್ಡ ಉಂಟಲ್ಲ ಮಾರಾಯ್ರೆ, ಆಚೆ ಯಾಕೆ ಹೋಗುದು?’ ಎಂದು ಗೈಡ್ ಅಣ್ಣ ಕೇಳುವ ಧಾಟಿಯಲ್ಲೇ ಅದು ಅವರಿಗೆ ಎಷ್ಟು ಸಹಜ ಎಂಬುದು ಗೊತ್ತಾಗುತ್ತದೆ. ಹಿಂದೆ ಬರುವವರಿಗೆ ದಾರಿ ತೋರಿಸಬೇಕಾದರೆ ಎದೆ ಮಟ್ಟದ ಕಡ್ಡಿಯೊಂದನ್ನು ಪೂರ್ತಿ ಕೀಳದೆ, ಸಿಪ್ಪೆ ಹಿಡಿದು ತೂಗುವಂತೆ ಮುರಿದು, ತುದಿಯನ್ನು ಹೋದ ದಿಕ್ಕಿಗೆ ತಿರುಗಿಸಿ ಬಿಡುವುದು. ಎಲೆಯ ಬಿಳಿಚಿದ ಹಿಂಬದಿ ಮೇಲಾಗಿ ಹಸಿರಿನ ನಡುವೆ ಎದ್ದು ಕಾಣುತ್ತದೆ. ಇದು ಗಡಿಯಾರವೂ ಹೌದು. ಮುರಿದ ಜಾಗ ಇನ್ನೂ ಒಸರುತ್ತಿದ್ದರೆ ಈಗಷ್ಟೇ ಹೋಗಿದ್ದಾರೆ. ಎಲೆ ಜೋತು ಮುರಿದ ಬಾಯಿ ಕಂದಿದ್ದರೆ ಹೊತ್ತು ಬಹಳವಾಯಿತು. ಬಣ್ಣದ ಡಬ್ಬಿಯಲ್ಲಿ ಬರೆದ ಬಾಣ ನಿನ್ನೆಯದೋ ನಾಲ್ಕು ವರ್ಷದ ಹಿಂದಿನದೋ ಎಂದು ಹೇಳುವವರು ಯಾರು?

ಕಾಟಿಯೂ ಕಡ್ಡಿ ಮುರಿಯುತ್ತದೆ ಎನ್ನುವಿರಿ. ನಿಜ. ಆದರೆ ಅದು ಎರಡೂ ಬದಿ ಮುರಿಯುತ್ತದೆ, ಅಗಿದು ಮುರಿಯುತ್ತದೆ. ನಾವು ಒಂದೇ ಬದಿ, ಒಂದೇ ಎತ್ತರ ಎಂದು ಗೊತ್ತು ಮಾಡಿಕೊಳ್ಳಬೇಕು. ಸಂರಕ್ಷಿತ ಕಾಡಿನಲ್ಲಿ ಹಸಿ ಗಿಡ ಮುರಿಯುವುದು ಜೀವಕ್ಕೆ ಕುತ್ತು ಬಂದಾಗ ಮಾತ್ರ. ಉಳಿದಂತೆ ನೆಲದ ತರಗೆಲೆಯೇ ಸಾಕು: ಕೊಟ್ಟೆ ಕಟ್ಟಲು ಹಲಸಿನೆಲೆಗೆ ಚುಚ್ಚುವಂತೆ ನಾಲ್ಕು ಒಣ ಎಲೆಗಳನ್ನು ಒಂದು ಕಡ್ಡಿಗೆ ಪೋಣಿಸಿ ಕವಲಿನ ಮಣ್ಣಿಗೆ ನೆಟ್ಟುಬಿಡಿ. ಗಾಳಿ ಎಲೆ ಹಾರಿಸುತ್ತದೆ, ಹಂದಿ ಎಲೆ ಕೆದರುತ್ತದೆ, ಪೋಣಿಸುವುದು ಮನುಷ್ಯ ಮಾತ್ರ.

ಈ ವಿದ್ಯೆಯನ್ನು ಮಕ್ಕಳ ಕೈಗೆ ಕೊಟ್ಟವನು ಬೇಡನ್ ಪೊವೆಲ್. 1908ರ ‘ಸ್ಕೌಟಿಂಗ್ ಫಾರ್ ಬಾಯ್ಸ್’ನಿಂದ ಹಿಡಿದು ಇಂದಿನವರೆಗೆ ಸ್ಕೌಟುಗಳು ಕಲಿಯುವ ನೆಲದ ಗುರುತುಗಳಲ್ಲಿ ಬಾಣ, ಅಡ್ಡಕಡ್ಡಿ ಎಲ್ಲ ಇವೆ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ವಿದ್ಯಾಗಿರಿಯ ತುಂಬ ಸಮವಸ್ತ್ರದ ಮಕ್ಕಳು. ಅವರಲ್ಲಿ ಯಾರನ್ನು ಕೇಳಿದರೂ ಹೇಳಬಹುದಾದ ಇನ್ನೊಂದು ಚಿಹ್ನೆ ಇದೆ: ಒಂದು ವೃತ್ತ, ನಡುವೆ ಒಂದು ಚುಕ್ಕಿ. ‘ನಾನು ಮನೆಗೆ ಹೋದೆ’ ಎಂದರ್ಥ. ಕೀನ್ಯಾದ ನ್ಯೇರಿಯಲ್ಲಿ 1941ರಲ್ಲಿ ತೀರಿಕೊಂಡ ಪೊವೆಲ್‌ನ ಸಮಾಧಿ ಕಲ್ಲಿನ ಮೇಲೂ ಅದನ್ನೇ ಕೆತ್ತಿದ್ದಾರೆ.

ನಮ್ಮ ಚಾರಣಿಗರು ಮರೆಯುವುದು ಇದೊಂದನ್ನೇ. ದಾರಿ ತಪ್ಪಿದವನು ಹೇಗೋ ಬೇರೆ ಕಡೆ ಇಳಿದು, ರಸ್ತೆ ಸೇರಿ, ಸಿಕ್ಕಿದ ಬಸ್ಸು ಹತ್ತಿ ಊರಿಗೆ ಹೋಗಿ ಮಲಗಿರುತ್ತಾನೆ. ಇತ್ತ ಇಲಾಖೆಯವರು, ಪೊಲೀಸರು, ಊರಿನ ಹುಡುಗರು ಜಿಗಣೆ ಕಚ್ಚಿಸಿಕೊಂಡು ರಾತ್ರಿಯಿಡೀ ಅವನ ಹೆಸರು ಕೂಗುತ್ತಿರುತ್ತಾರೆ. ಬೇರ್ಪಟ್ಟ ಕವಲಿನಲ್ಲಿ ವೃತ್ತ ಚುಕ್ಕಿ ಬರೆಯುವುದು ಸಾಧ್ಯವಾಗದಿದ್ದರೆ, ಮೊದಲ ಮನೆಯಿಂದ, ಮೊದಲ ಅಂಗಡಿಯಿಂದ ಒಂದು ಫೋನು. 112 ಕ್ಕಾದರೂ ಸರಿ. ಬದುಕಿ ಬಂದ ಸುದ್ದಿ ಹೇಳದಿರುವುದು ಬೇರೆಯವರ ಬದುಕಿಗೆ ಕುತ್ತು.

ಇಷ್ಟೂ ಓದಿ ಇಪ್ಪತ್ತು ಗುರುತು ಕಂಠಪಾಠ ಮಾಡಲು ಹೊರಡಬೇಡಿ. ಹಸಿವು, ಚಳಿ, ಭಯದ ನಡುವೆ ಮೂರಕ್ಕಿಂತ ಹೆಚ್ಚು ನೆನಪಿರುವುದಿಲ್ಲ. ಬಲಬದಿಗೆ ಮುರಿದ ಕಡ್ಡಿ, ನಿಮಿಷಕ್ಕೆ ಆರು ಸಿಳ್ಳೆ, ಮನೆ ಮುಟ್ಟಿದ ಸುದ್ದಿ: ನನ್ನ ಮಟ್ಟಿಗೆ ಇಷ್ಟೇ. ಸುಖವಾಗಿ ವಾಪಸಾಗುವಾಗ ನೆಟ್ಟ ಕಡ್ಡಿ, ಅಡ್ಡ ಹಾಕಿದ ಕೊಂಬೆ ಎಲ್ಲ ತೆಗೆದು ಬದಿಗೆ ಬಿಸಾಡಬೇಕು. ಕೆಲಸ ಮುಗಿದ ಮೇಲೂ ಉಳಿದ ಗುರುತು ನಾಳೆ ಬರುವವನಿಗೆ ಹೇಳುವ ಸುಳ್ಳು. ಸ್ಪ್ರೇ ಪೇಂಟಿನ ಡಬ್ಬಿ ತರುವವರನ್ನು ನಾನು ಜೊತೆಗೆ ಕರೆದೊಯ್ಯದಿರುವುದೂ ಅದಕ್ಕೇ.

ಮಳೆ ಮುಗಿದು ದಾರಿಗಳು ತೆರೆಯುವ ಹೊತ್ತಿಗೆ ನೀವೂ ಹೊರಡುವಿರಿ. ಅಜೆಕಾರಿನ ಹೋಟೆಲಿನಲ್ಲಿ ಬನ್ಸು, ಚಹಾ ಆಗುವಾಗಲೇ ಈ ಮೂರನ್ನು ಗೊತ್ತು ಮಾಡಿಕೊಳ್ಳಿ, ಮೇಜಿನ ಸುತ್ತ ಒಬ್ಬೊಬ್ಬರಿಂದಲೂ ಹೇಳಿಸಿ. ತಡವರಿಸಿದವರು ಸಾಲಿನ ನಡುವೆ ನಡೆಯಲಿ. ಕೊನೆಯಲ್ಲಿ ನಡೆಯುವ ಕೆಲಸ ಮೂರನ್ನೂ ತಪ್ಪಿಲ್ಲದೆ ಹೇಳಿದವರಿಗೆ.