ಎಡಕ್ಕೆ ಎಳೆಯುವ ಗಾಡಿ: ನಾಲ್ಕು ಸಾಲಿನ ದೂರಿಗೆ ವ್ಯಾಖ್ಯಾನ

ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ಗ್ಯಾರೇಜಿನ ಜಾಬ್ ಕಾರ್ಡಿನಲ್ಲಿ ಮಾಲೀಕರ ದೂರು ಸಾಮಾನ್ಯವಾಗಿ ಹೀಗಿರುತ್ತದೆ. ನಿಧಾನವಾಗಿ ಓದಿದರೆ ಹುಡುಕಬೇಕಾದ ಜಾಗ ಈ ಸಾಲುಗಳಲ್ಲೇ ಸಿಗುತ್ತದೆ.

‘ಗಾಡಿ ಎಡಕ್ಕೆ ಎಳೆಯುತ್ತೆ.’

ಮೊದಲು ರಸ್ತೆಯನ್ನು ನೋಡಬೇಕು. ಮಳೆನೀರು ಹರಿದುಹೋಗಲೆಂದು ಟಾರು ರಸ್ತೆಯ ನಡುವನ್ನು ಎತ್ತರಿಸಿ, ಅಂಚಿನ ಕಡೆಗೆ ನೂರಕ್ಕೆ ಸುಮಾರು 2ರಷ್ಟು ಇಳಿಜಾರು ಕೊಟ್ಟಿರುತ್ತಾರೆ. ಎಡಬದಿಯಲ್ಲಿ ಓಡುವ ನಮ್ಮ ಗಾಡಿಗಳು ಅದರ ಮೇಲೆ ತುಸು ಎಡಕ್ಕೆ ಸರಿಯುವುದು ಸಹಜ, ಅದು ದೋಷವಲ್ಲ. ಮಟ್ಟಸವಾದ ಜಾಗದಲ್ಲೂ ಎಳೆದರೆ ಹುಡುಕಾಟ ಶುರು ಮಾಡಬೇಕು. ಇಂಥ ರಸ್ತೆಯಲ್ಲಿ ಗಾಡಿ ಬಲಕ್ಕೆ ಎಳೆದರಂತೂ ತಡಮಾಡಬಾರದು, ಅದು ಇಳಿಜಾರನ್ನೂ ಮೀರಿದ ಎಳೆತ.

‘ಸ್ಟೇರಿಂಗ್ ಸಡಿಲ ಬಿಟ್ಟರೆ ಸಾಕು.’

ಬ್ರೇಕಿಲ್ಲದೆ, ಒಂದೇ ವೇಗದಲ್ಲಿ ಹೋಗುವಾಗಿನ ಎಳೆತಕ್ಕೆ ಮೊದಲ ಅನುಮಾನ ಟೈರಿನ ಮೇಲೆ. ಗಾಳಿ ಕಡಿಮೆಯಿರುವ ಕಡೆಗೆ ಗಾಡಿ ವಾಲುತ್ತದೆ. ಟೈರು ತಣ್ಣಗಿದ್ದಾಗಲೇ ಅಳೆಯಬೇಕು. ಗಾಳಿ ಸರಿಯಿದ್ದರೆ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ ನೋಡಿ. ಎಳೆತ ಬಲಕ್ಕೆ ತಿರುಗಿತೇ? ತಪ್ಪು ಟೈರಿನದೇ. ರೇಡಿಯಲ್ ಟೈರಿನೊಳಗಿನ ಬೆಲ್ಟ್ ನಡುಬಿಟ್ಟು ಕೂತಿದ್ದರೆ, ಹೊರಗೆ ಹೊಸದರಂತೆ ಕಂಡರೂ ಅದು ಪಕ್ಕಕ್ಕೇ ಉರುಳಲು ನೋಡುತ್ತದೆ. ಜಾಕು, ವೀಲ್ ಸ್ಪ್ಯಾನರ್ ಇದ್ದರೆ ಆಗುವ ಈ ಪರೀಕ್ಷೆಯನ್ನು ಬಿಟ್ಟು ಎಷ್ಟೋ ಜನ ದುಬಾರಿ ರಿಪೇರಿಗೆ ಇಳಿಯುವುದು ನನಗೆ ಬೇಸರದ ಸಂಗತಿ. ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರುಗಳನ್ನು ಮಾತ್ರ ಹೀಗೆ ಬದಲಿಸುವಂತಿಲ್ಲ.

‘ಬ್ರೇಕ್ ಹಾಕಿದರೆ ಇನ್ನೂ ಜೋರು.’

ಈ ಸಾಲಿದ್ದರೆ ಗಾಡಿಯನ್ನು ರಸ್ತೆಗೆ ಬಿಡದೆ ನೋಡಿಸಬೇಕು. ಬ್ರೇಕ್ ಹಾಕಿದಾಗ ಮಾತ್ರ ಎಡಕ್ಕೆ ಹೋಗುವುದಾದರೆ ಕೆಟ್ಟಿರುವುದು ಬಲಗಡೆಯದೂ ಆಗಿರಬಹುದು: ಅಲ್ಲಿ ಕ್ಯಾಲಿಪರ್ ಜಾಮ್ ಆಗಿ ಪ್ಯಾಡ್ ಹಿಡಿಯುತ್ತಿಲ್ಲ, ಎಡಗಡೆಯದೊಂದೇ ದುಡಿಯುತ್ತಿದೆ. ಪೆಡಲ್ ಬಿಟ್ಟ ಮೇಲೂ ಎಳೆತ ನಿಲ್ಲದಿದ್ದರೆ ಎಳೆಯುವ ಕಡೆಯ ಬ್ರೇಕೇ ಬಿಡುತ್ತಿಲ್ಲ ಎಂದರ್ಥ. ಒಳಗೆ ಊದಿಕೊಂಡ ರಬ್ಬರ್ ಹೋಸ್ ಕೂಡ ಎಣ್ಣೆಯನ್ನು ಹಿಂದಕ್ಕೆ ಬಿಡದೆ ಹೀಗೆ ಮಾಡುತ್ತದೆ. ಸ್ವಲ್ಪ ದೂರ ಓಡಿ ಬಂದ ಗಾಡಿಯಲ್ಲಿ ಆ ಚಕ್ರ ಮಿಕ್ಕವಕ್ಕಿಂತ ಬಿಸಿಯಾಗಿರುತ್ತದೆ. ಕೈ ಹತ್ತಿರ ಒಯ್ದರೆ ತಿಳಿಯುತ್ತದೆ, ಮುಟ್ಟಬೇಡಿ. ಚಕ್ರವನ್ನು ಹಿಡಿದಿಡುವ ಲೋಯರ್ ಆರ್ಮಿನ ಬುಷ್ ಹರಿದಿದ್ದರೂ ಬ್ರೇಕಿನ ಹೊತ್ತಿಗೆ ಚಕ್ರ ಜಾಗ ಬಿಟ್ಟು ಸರಿಯುತ್ತದೆ.

‘ಅಲೈನ್‌ಮೆಂಟ್ ಆಗಿದೆ, ಹೋಗಿಲ್ಲ.’

ಹೋಗದಿರುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಮುಂದೆ ಹೊಂದಿಸಲು ಬರುವುದು ಟೋ, ಅಂದರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಒಂದೇ. ಅದು ತಪ್ಪಿದರೆ ಟೈರು ಬೇಗ ಸವೆಯುತ್ತದೆ, ಸ್ಟೇರಿಂಗ್ ಸೊಟ್ಟಗೆ ಕೂರುತ್ತದೆ. ಅದರಿಂದ ಗಾಡಿ ಒಂದೇ ಪಕ್ಕಕ್ಕೆ ಎಳೆಯುವುದು ಅಪರೂಪ. ಎಳೆತಕ್ಕೆ ಕಾರಣವಾಗುವುದು ಎಡಬಲದ ಕ್ಯಾಂಬರ್, ಕ್ಯಾಸ್ಟರ್‌ಗಳ ವ್ಯತ್ಯಾಸ. ಕ್ಯಾಂಬರ್ ಎಂದರೆ ಚಕ್ರದ ವಾಲು: ಅದರ ಮೇಲ್ಭಾಗ ಹೊರಕ್ಕೆ ಹೆಚ್ಚು ವಾಲಿದ ಕಡೆಗೆ ಗಾಡಿ ಹೋಗುತ್ತದೆ. ಕ್ಯಾಸ್ಟರ್ (ಸ್ಟೇರಿಂಗ್ ಅಕ್ಷದ ಹಿಂದುಮುಂದಿನ ವಾಲು) ಆದರೆ ಕಡಿಮೆಯಿರುವ ಕಡೆಗೆ. ಗುಂಡಿಗೆ ಬಿದ್ದು ಸ್ಟ್ರಟ್ಟೋ ಲೋಯರ್ ಆರ್ಮೋ ಬಾಗಿದರೆ ಇವು ತಪ್ಪುತ್ತವೆ. ಯಂತ್ರ ಅದನ್ನು ತೋರಿಸಬಲ್ಲದು, ಬಾಗಿದ ಕಬ್ಬಿಣವನ್ನು ನೆಟ್ಟಗೆ ಮಾಡಲಾರದು. ದುಡ್ಡು ಕೊಟ್ಟವರು ಅಳತೆಯ ಪ್ರಿಂಟ್ ಕೇಳಿ ಪಡೆಯಲೇಬೇಕು, ಕೊಡದೆ ಕಳಿಸುವುದು ಅನ್ಯಾಯ. ಅದರಲ್ಲಿ ಎಡಬಲದ ಕ್ಯಾಂಬರ್ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಸ್ಟ್ರಟ್, ಆರ್ಮ್, ಬುಷ್‌ಗಳನ್ನು ನೋಡಿಸಿ. ಕೆಟ್ಟ ಭಾಗ ಬದಲಾದ ಮೇಲೆ ಟೋ ಮತ್ತೆ ತಪ್ಪಿರುತ್ತದೆ. ಆಗ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸಬೇಕು.