ಕೆಂಪಾಗದ ಕಣ್ಣು

ಮಕ್ಕಳ ಮೈಯೊಳಗಿನ ಕಾಯಿಲೆಗೆ ಕಣ್ಣಿನ ಕೆಂಪು ದೊಡ್ಡ ಸುಳಿವೆಂಬ ನಂಬಿಕೆ ಕವಾಸಾಕಿ ಕಾಯಿಲೆಯಲ್ಲಿ ಸಲ್ಲುತ್ತದೆ: ಐದು ದಿನ ಬಿಡದ ಜ್ವರ, ಗೀಜಿಲ್ಲದೆ ಕೆಂಪಾದ ಎರಡೂ ಕಣ್ಣು ಕಂಡರೆ ಹೃದಯದ ರಕ್ತನಾಳಗಳ ಬಗ್ಗೆ ಯೋಚಿಸಲೇಬೇಕು. ಆದರೆ ಮಕ್ಕಳ ಕೀಲುವಾತದಲ್ಲಿ, ಅಂದರೆ ಜೆಐಎಯಲ್ಲಿ, ಆ ಕೆಂಪಿಗೆ ನಾವು ಕೊಟ್ಟ ಮರ್ಯಾದೆ ಅತಿಯಾಯಿತು. ಅದಕ್ಕೆ ಮಕ್ಕಳು ದೃಷ್ಟಿಯನ್ನೇ ತೆರುತ್ತಿದ್ದಾರೆ.

ಇಲ್ಲಿ ಬರುವ ದೀರ್ಘಕಾಲದ ಕಣ್ಣೊಳಗಿನ ಉರಿಯೂತದಲ್ಲಿ, ಅಂದರೆ ಯುವಿಯೈಟಿಸ್‌ನಲ್ಲಿ, ಕಣ್ಣು ಬೆಳ್ಳಗೇ ಇರುತ್ತದೆ, ನೋಯುವುದಿಲ್ಲ. ಮಂಜಾಗಿದೆ ಎಂದು ಮೂರು ವರ್ಷದ ಮಗು ಹೇಳುವುದೂ ಇಲ್ಲ. ಮಂಡಿಯ ಊತ ಇಳಿದ ಮೇಲೂ ಕಣ್ಣು ಒಳಗೊಳಗೇ ಕೆಡಬಹುದು.

ಟಾರ್ಚ್ ಬಿಟ್ಟು ನೋಡಿ ‘ಕಣ್ಣು ಚೆನ್ನಾಗಿದೆ’ ಎಂದು ಬರೆಯುವುದು ಪರೀಕ್ಷೆಯೇ ಅಲ್ಲ. ಸ್ಲಿಟ್ ಲ್ಯಾಂಪ್ ಕತ್ತಲಲ್ಲಿ ಕಿರಿದಾದ ಬೆಳಕನ್ನು ಓರೆಯಾಗಿ ಹಾಯಿಸುತ್ತದೆ. ಕಾರ್ನಿಯಾದ ಹಿಂದಿನ ತಿಳಿದ್ರವದಲ್ಲಿ ಬಿಳಿ ರಕ್ತಕಣಗಳು ಬಿಸಿಲುಕೋಲಿನ ದೂಳಿನಂತೆ ತೇಲುವುದು ಆಗ ಕಾಣುತ್ತದೆ. 2005ರಲ್ಲಿ ಪ್ರಕಟವಾದ ಅಳತೆಯಂತೆ 1 ಮಿ.ಮೀ. ಉದ್ದಗಲದ ಬೆಳಕಿನಲ್ಲಿ 1ರಿಂದ 5 ಕಣ ಇದ್ದರೆ 0.5+, 6ರಿಂದ 15 ಇದ್ದರೆ 1+. ಗಲ್ಲ ಊರಿ ಕೂರದ ಮಗುವಿನಲ್ಲಿ ಇವನ್ನು ಎಣಿಸಲು ತುಂಬ ತಾಳ್ಮೆ ಬೇಕು. ಟಾರ್ಚಿಗೆ ಇವುಗಳಲ್ಲಿ ಒಂದೂ ಕಾಣದು. ಪಾಪೆ ಅಂಟಿಕೊಂಡು ಸೊಟ್ಟಗಾದಾಗ, ಕಾರ್ನಿಯಾದ ಮೇಲೆ ಸುಣ್ಣದ ಪಟ್ಟಿ ಬೆಳೆದಾಗ, ಪೊರೆ ಬಲಿತಾಗ ಮಾತ್ರ ಅದಕ್ಕೆ ಏನಾದರೂ ಕಾಣುತ್ತದೆ. ಅಷ್ಟರಲ್ಲಿ ಕಣ್ಣು ಕೆಟ್ಟಿರುತ್ತದೆ.

ಭಾರತದಲ್ಲಿ ಈ ಯುವಿಯೈಟಿಸ್ ಕಡಿಮೆ, ಅದರ ಅಪಾಯ ಸೂಚಿಸುವ ಎಎನ್‌ಎ ರಕ್ತಪರೀಕ್ಷೆ ಪಾಸಿಟಿವ್ ಆದ ಮಕ್ಕಳೂ ಕಡಿಮೆ, ಹಾಗಾಗಿ ಮೂರು ತಿಂಗಳಿಗೊಮ್ಮೆ ಕಣ್ಣು ತೋರಿಸುವ ನಿಯಮ ನಮಗೆ ಹೊರೆ ಎನ್ನುವವರಿದ್ದಾರೆ. ಮೊದಲೆರಡು ಮಾತನ್ನು ಒಪ್ಪುತ್ತೇನೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ದೊಡ್ಡ ಹುಡುಗರಿಗೆ ಬರುವ, ಸ್ನಾಯುರಜ್ಜು ಎಲುಬಿಗೆ ಸೇರುವೆಡೆ ಕಾಡುವ ಕೀಲುವಾತ. ಅವರಿಗೆ ಯುವಿಯೈಟಿಸ್ ಬಂದರೆ ಸಾಮಾನ್ಯವಾಗಿ ಕಣ್ಣು ಕೆಂಪಾಗಿ ನೋಯುತ್ತದೆ, ತಾವಾಗಿಯೇ ಆಸ್ಪತ್ರೆಗೆ ಬರುತ್ತಾರೆ. ಉಳಿದ ಕೆಲವೇ ಮಕ್ಕಳಿಗೆ, ಅದರಲ್ಲೂ ಪುಟ್ಟ ಹೆಣ್ಣುಮಕ್ಕಳಿಗೆ, ಅಂಥ ಮುನ್ಸೂಚನೆಯೇ ಇಲ್ಲ. ಅಂಥವರು ಕಡಿಮೆ ಎಂಬುದು ಅವರನ್ನು ಬಿಟ್ಟುಬಿಡಲು ಕಾರಣವಾಗದು. ಮೇಲಾಗಿ ನಿಯಮವೂ ಎಲ್ಲರಿಗೂ ಮೂರು ತಿಂಗಳು ಎನ್ನುವುದಿಲ್ಲ: 2019ರ ಅಮೆರಿಕದ ಮಾರ್ಗಸೂಚಿ ಅಪಾಯ ಹೆಚ್ಚಿದ್ದವರಿಗೆ ಮೂರು, ಉಳಿದವರಿಗೆ ಆರರಿಂದ ಹನ್ನೆರಡು ತಿಂಗಳ ಅಂತರ ಹೇಳುತ್ತದೆ. ಎಎನ್‌ಎ ನೆಗೆಟಿವ್ ಬಂತೆಂದು ತಪಾಸಣೆಯನ್ನೇ ಕೈಬಿಡುವವರು ಈ ಎರಡನೆಯ ಸಾಲನ್ನು ಓದಿಯೇ ಇಲ್ಲ.

ಪತ್ತೆಯಾದರೆ ಮದ್ದೂ ಇದೆ. ಈ ಯುವಿಯೈಟಿಸ್ ಇದ್ದ ಬ್ರಿಟನ್ನಿನ 90 ಮಕ್ಕಳ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಮೆಥೊಟ್ರೆಕ್ಸೇಟ್ ಜತೆಗೆ ಅಡಾಲಿಮುಮಾಬ್ ಪಡೆದವರಲ್ಲಿ ಶೇ. 27 ಮಂದಿಗೆ ಚಿಕಿತ್ಸೆ ಫಲಿಸಲಿಲ್ಲ, ಅದಿಲ್ಲದವರಲ್ಲಿ ಶೇ. 60. ಮದ್ದು ಇಷ್ಟು ಬಲವಾಗಿರುವಾಗ, ಕೀಲುವಾತದ ಮಗುವಿನ ಮೊದಲ ಚೀಟಿಯಲ್ಲೇ ಸ್ಲಿಟ್ ಲ್ಯಾಂಪ್ ಪರೀಕ್ಷೆಯ ತಾರೀಖು ಬರೆದಿರಬೇಕು.